ಹೊಡೆಯುವುದು ಭೀಮ, ಬೀಳುವುದು ದುರ್ಯೋಧನ

ಸುಗ್ಗಿ ಮುಗಿದು ಜಾತ್ರೆಗಳು ಶುರುವಾದವೆಂದರೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಟೀ ಅಂಗಡಿಯ ಗೋಡೆಗಳಿಗೆ ನಾಟಕದ ಕರಪತ್ರಗಳು ಅಂಟುತ್ತವೆ. 'ಕುರುಕ್ಷೇತ್ರ', 'ದಾನಶೂರ ಕರ್ಣ', 'ಶನಿಪ್ರಭಾವ', ಹೆಚ್ಚಾಗಿ ಇವೇ. ಆ ಕರಪತ್ರದಲ್ಲಿ ಪಾತ್ರಧಾರಿಗಳ ಪಟ್ಟಿಯನ್ನು ಓದಿದರೆ ಒಂದನೇ ಕೃಷ್ಣ, ಎರಡನೇ ಕೃಷ್ಣ, ಕೆಲವು ಊರುಗಳಲ್ಲಿ ಮೂರನೇ ಕೃಷ್ಣ ಕೂಡ ಸಿಗುತ್ತಾರೆ. ಹೊಸಬರಿಗೆ ಇದು ವಿಚಿತ್ರವಾಗಿ ಕಾಣಬಹುದು. ನನಗಂತೂ ಈ ಹಳ್ಳಿನಾಟಕದ ಇಡೀ ಸೊಗಸು ಆ ಪಟ್ಟಿಯಲ್ಲೇ ಇದೆ ಅನ್ನಿಸುತ್ತದೆ.

ಇಲ್ಲಿ ನಟರಿಗೆ ಸಂಬಳವಿಲ್ಲ. ಅವರೇ ಕೈಯಿಂದ ದುಡ್ಡು ಹಾಕಿ ಪಾರ್ಟು ಹಿಡಿಯುತ್ತಾರೆ. ಕೃಷ್ಣನಿಗೂ ದುರ್ಯೋಧನನಿಗೂ ಹೆಚ್ಚು, ನಕುಲ ಸಹದೇವರಿಗೆ ಕಡಿಮೆ. ಆ ಹಣದಲ್ಲಿ ಹಾರ್ಮೋನಿಯಂ ಮೇಷ್ಟ್ರ ಸಂಭಾವನೆ, ತಬಲ, ಸೀನು, ಡ್ರೆಸ್ಸು, ಮೈಕು, ಲೈಟು, ಹೊರಗಿನಿಂದ ಬರುವ ಕಲಾವಿದೆಯರ ಸಂಭಾವನೆ ಎಲ್ಲವೂ ನಡೆಯಬೇಕು. ಕೃಷ್ಣನಾಗಬೇಕೆಂಬ ಆಸೆ ಮೂವರಿಗಿದ್ದರೆ ಯಾರನ್ನೂ ನಿರಾಶೆ ಮಾಡದೆ ದೃಶ್ಯಗಳನ್ನೇ ಹಂಚಿಬಿಡುತ್ತಾರೆ. ಶಯನಗೃಹದ ಕೃಷ್ಣ ಒಬ್ಬ, ಸಂಧಾನದ ಕೃಷ್ಣ ಇನ್ನೊಬ್ಬ, ರಣರಂಗದ ಕೃಷ್ಣ ಮತ್ತೊಬ್ಬ.

ಹಂಚಿಕೊಂಡರಷ್ಟೇ ಸಾಲದು. ದೇಹ ಮೂರಾದರೂ ಜನ ನೋಡಬೇಕಾದ್ದು ಒಬ್ಬನೇ ಕೃಷ್ಣನನ್ನು. ಬಲ್ಲ ಎರಡನೇ ಕೃಷ್ಣ ತನ್ನ ಸೀನು ಬರುವ ತನಕ ಬಣ್ಣದ ಕೋಣೆಯಲ್ಲಿ ಕನ್ನಡಿ ನೋಡುತ್ತ ಕೂರುವುದಿಲ್ಲ. ಸೈಡ್ ವಿಂಗಿನಲ್ಲಿ ನಿಂತು, ಮೊದಲಿನವನು ಅರ್ಜುನನೊಡನೆ ಎಷ್ಟು ಸಲಿಗೆಯಿಂದ ಮಾತಾಡಿದ, ಉತ್ತರೀಯವನ್ನು ಯಾವ ಹೆಗಲ ಮೇಲೆ ಹಾಕಿದ ಎಂದು ನೋಡಿಕೊಳ್ಳುತ್ತಾನೆ. ಮೊದಲಿನವನು ನಗುನಗುತ್ತ ಆಡಿದ್ದರೆ ಇವನು ಹುಬ್ಬು ಗಂಟಿಕ್ಕಿಕೊಂಡು ಬರಬಾರದು. ಇಬ್ಬರ ಶಾರೀರ ಬೇರೆ ಬೇರೆ, ಅದಕ್ಕೆ ಮೇಷ್ಟ್ರು ಹಾರ್ಮೋನಿಯಂನಲ್ಲಿ ಶ್ರುತಿ ಏರಿಸಿ ಇಳಿಸಿ ದಾರಿ ಮಾಡಿಕೊಡುತ್ತಾರೆ. ಸ್ವಭಾವದ ಎಳೆಯನ್ನು ಮಾತ್ರ ಪಾತ್ರಧಾರಿಗಳೇ ಕೈಯಿಂದ ಕೈಗೆ ದಾಟಿಸಬೇಕು.

ಈ ನಾಟಕಗಳ ಹಿಂದೆ ದೊಡ್ಡ ಪರಂಪರೆಯಿದೆ. ಮುಖವೀಣೆಯ ಜೊತೆ ನಡೆಯುತ್ತಿದ್ದ ಮೂಡಲಪಾಯ ಬಯಲಾಟ ಈ ಸೀಮೆಯದೇ. ಅದರ ಜೊತೆಗೆ ಕಂಪನಿ ನಾಟಕಗಳ ಮಟ್ಟು, ಪರದೆ, ಝಗಮಗ ಬಂದು ಸೇರಿದವು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ, ವೀರಣ್ಣನವರ ಕಾಲದಲ್ಲಿ ಬಿ. ಪುಟ್ಟಸ್ವಾಮಯ್ಯನವರ 'ಕುರುಕ್ಷೇತ್ರ'ವನ್ನು ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದು ಆಡಿತ್ತು. ಹಳ್ಳಿಯವರಿಗೆ ಆನೆ ಎಲ್ಲಿಂದ ಬರಬೇಕು? ಅವರು ಕಂದಪದ್ಯಗಳನ್ನೂ ಗದೆಯನ್ನೂ ಇಟ್ಟುಕೊಂಡರು.

ಆ ಗದೆಯ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಗದಾಯುದ್ಧ ಬರುವ ಹೊತ್ತಿಗೆ ಬೆಳಗಿನ ಜಾವವಾಗಿರುತ್ತದೆ. ಭೀಮ ಎಷ್ಟು ಹೆಜ್ಜೆ ಸುತ್ತಬೇಕು, ಯಾವ ತಾಳಕ್ಕೆ ಗದೆ ಎತ್ತಬೇಕು ಎಂಬುದೆಲ್ಲ ಪ್ರಾಕ್ಟೀಸಿನಲ್ಲೇ ಗೊತ್ತಾಗಿರುತ್ತದೆ. ಕೃಷ್ಣ ತೊಡೆ ತಟ್ಟಿ ಸನ್ನೆ ಮಾಡುತ್ತಾನೆ, ಭೀಮ ಹೊಡೆಯುತ್ತಾನೆ. ಆಮೇಲಿನದು ಭೀಮನ ಕೈಯಲ್ಲಿಲ್ಲ. ಯಾವಾಗ ಮೊಣಕಾಲೂರಬೇಕು, ಎಷ್ಟು ತತ್ತರಿಸಬೇಕು, ಯಾವ ಕ್ಷಣದಲ್ಲಿ ನೆಲ ಹಿಡಿಯಬೇಕು ಎಂಬುದು ದುರ್ಯೋಧನನಿಗೆ ಬಿಟ್ಟ ಮಾತು. ಅವನೂ ದುಡ್ಡು ಹಾಕಿದ್ದಾನೆ, ತಿಂಗಳುಗಟ್ಟಲೆ ನಿದ್ದೆಗೆಟ್ಟು ಕಲಿತಿದ್ದಾನೆ, ಕೊನೆಯ ಪದ್ಯವೊಂದು ಅವನ ಗಂಟಲಲ್ಲಿ ಕಾಯುತ್ತಿದೆ. ಒಳ್ಳೆಯ ಭೀಮ ಗದೆ ಇಳಿಸಿ ಎರಡು ಹೆಜ್ಜೆ ಹಿಂದಕ್ಕೆ ಸರಿದು ಏದುಸಿರು ಬಿಡುತ್ತ ನಿಲ್ಲುತ್ತಾನೆ. ಚಪ್ಪಾಳೆಗೆ ಹಸಿದವನು ಮೇಲೆ ಬಿದ್ದು ಇನ್ನೆರಡು ಏಟು ಹಾಕಿ, ಎದುರಿನವನ ಸಾವನ್ನೂ ತಾನೇ ಆಡಲು ಹೋಗುತ್ತಾನೆ. ಅಂಥವನ ಜೊತೆ ಮುಂದಿನ ವರ್ಷ ದುರ್ಯೋಧನ ಕಟ್ಟಲು ಯಾರೂ ಮುಂದೆ ಬರುವುದಿಲ್ಲ.

ಕಂಪ್ಯೂಟರಿನಲ್ಲಿ ಬರೀ ಬರಹದಿಂದಲೇ ಪಾತ್ರವಾಡುವವರಲ್ಲಿಯೂ ಇದೇ ಕಟ್ಟಳೆಯಿದೆ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ, ರಿಚರ್ಡ್ ಬಾರ್ಟಲ್ ಎಂಬ ವಿದ್ಯಾರ್ಥಿಗಳು ಹಲವರು ಒಟ್ಟಿಗೆ ಸೇರಿ ಆಡುವ ಅಕ್ಷರದ ಆಟವೊಂದನ್ನು ಕಟ್ಟಿದರು. ಆ ದಾರಿಯಲ್ಲಿ ಬೆಳೆದ ಕೂಟಗಳಲ್ಲಿ 'ನಾನು ಕತ್ತಿ ಬೀಸಿದೆ' ಎಂದು ಬರೆಯಬಹುದು, 'ನೀನು ಸತ್ತೆ' ಎಂದು ಬರೆಯುವುದು ಸಭ್ಯತೆಯಲ್ಲ. ಏಟು ತಗುಲಿತೋ ಇಲ್ಲವೋ ಹೇಳುವ ಹಕ್ಕು ಎದುರಿನವರದು. ಪಾತ್ರದ ಸಿಟ್ಟನ್ನು ಆಡುವವರ ಮೇಲೆ ಹೊರಿಸಬಾರದು ಎಂಬುದು ಅವರ ಇನ್ನೊಂದು ನಿಯಮ. ನಮ್ಮ ಕರಾವಳಿಯ ತಾಳಮದ್ದಳೆಯಲ್ಲಿ ಈ ನಿಯಮ ಇನ್ನೂ ಸೂಕ್ಷ್ಮ. ಅಲ್ಲಿ ವೇಷವಿಲ್ಲ, ಬರೆದಿಟ್ಟ ಮಾತಿಲ್ಲ, ಕೂತಲ್ಲೇ ವಾದ ಹುಟ್ಟಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಯ ಎದುರು ಕೂತವನಿಗೆ ಎಷ್ಟೇ ಕಟುವಾದ ಮಾತು ಬಂದರೂ ಅದು ಪಾತ್ರಕ್ಕೆ ಬಂದದ್ದು, ಉತ್ತರವನ್ನೂ ಪಾತ್ರವೇ ಕೊಡಬೇಕು.

ಹಾಸನದ ಹಳ್ಳಿಗಳಲ್ಲಿ ಮಾತು ಬರೆದದ್ದೇ ಇರುತ್ತದೆ, ಆದರೆ ಮರೆಯುತ್ತದೆ. ಹಗಲೆಲ್ಲ ಹೊಲದಲ್ಲೋ ಅಂಗಡಿಯಲ್ಲೋ ದುಡಿದು ರಾತ್ರಿ ರಾಮಮಂದಿರದಲ್ಲಿ ಕಲಿತವರಿಗೆ ಮರೆಯದೆ ಇನ್ನೇನು? ಆಗ ಜೊತೆಗಾರನ ಗುಣ ಕಾಣುತ್ತದೆ. ಸಂಧಾನಕ್ಕೆ ಹೊರಡುವ ಕೃಷ್ಣ ನಡುವೆ ತಡವರಿಸಿದರೆ, ಪಕ್ಕದ ಅರ್ಜುನ ಪಾತ್ರ ಬಿಡದೆ ಕೇಳುತ್ತಾನೆ: "ಭಾವಾ, ಐದು ಗ್ರಾಮಗಳನ್ನಾದರೂ ಕೊಡೆಂದು ಕೇಳುವೆಯಾ?" ಮರೆತ ಸಾಲಿನ ತುದಿ ಅದರಲ್ಲಿದೆ. ಕೃಷ್ಣ ಅದನ್ನು ಹಿಡಿದು ಮುಂದಕ್ಕೆ ಹೋಗುತ್ತಾನೆ, ಪ್ರೇಕ್ಷಕರಿಗೆ ಏನೂ ಗೊತ್ತಾಗುವುದಿಲ್ಲ. ಎತ್ತಿನ ಜೋಡಿಯಲ್ಲಿ ಒಂದು ಮುಗ್ಗರಿಸಿದರೆ ಇನ್ನೊಂದು ನೊಗ ತಾಳಿಕೊಳ್ಳುವ ಹಾಗೆ. ಇದಕ್ಕಿಂತ ದೊಡ್ಡ ಕಲಾವಂತಿಕೆಯನ್ನು ನಾನು ಆ ರಂಗದಲ್ಲಿ ಕಂಡಿಲ್ಲ.

ದ್ರೌಪದಿ, ಕುಂತಿ, ಉತ್ತರೆಯರಾಗಿ ಬರುವ ಕಲಾವಿದೆಯರು ಸಾಮಾನ್ಯವಾಗಿ ವೃತ್ತಿಯವರು. ರಿಹರ್ಸಲ್ಲಿಗೆ ಅವರಿಗೆ ಸಿಗುವ ಸಮಯ ಕಡಿಮೆ, ಅನುಭವ ಮಾತ್ರ ಎಲ್ಲರಿಗಿಂತ ಹೆಚ್ಚು. ವಸ್ತ್ರಾಪಹರಣದ ದೃಶ್ಯವಿದ್ದರೆ ತಿಳಿದ ದುಶ್ಶಾಸನ ಮೊದಲೇ ಹೋಗಿ "ಅಮ್ಮಾ, ಸೆರಗು ಎಲ್ಲಿ ಹಿಡೀಲಿ, ಎಷ್ಟು ಎಳೀಲಿ?" ಎಂದು ಕೇಳಿಕೊಳ್ಳುತ್ತಾನೆ. ಆಕೆ ಹೇಳಿದ್ದಕ್ಕಿಂತ ಒಂದು ಗೇಣೂ ಮುಂದಕ್ಕೆ ಕೈ ಹೋಗಕೂಡದು. ಈ ಮಾತಿನಲ್ಲಿ ಸಡಿಲ ಬಿಡುವ ತಂಡ ಎಷ್ಟು ಚೆನ್ನಾಗಿ ಹಾಡಿದರೂ ನನ್ನ ಗೌರವಕ್ಕೆ ಪಾತ್ರವಲ್ಲ.

ಹೊತ್ತಿನದೂ ಒಂದು ಮರ್ಯಾದೆ. ಅಭಿಮಾನಿಗಳು ನಡುವೆ ವೇದಿಕೆ ಹತ್ತಿ ಹಾರ ಹಾಕುತ್ತಾರೆ, ನೋಟು ಸಿಕ್ಕಿಸುತ್ತಾರೆ, 'ಒನ್ಸ್ ಮೋರ್' ಕೂಗುತ್ತಾರೆ. ರಾತ್ರಿ ಹತ್ತರ ಕೃಷ್ಣ ಒಂದೇ ಪದ್ಯವನ್ನು ಮೂರು ಸಲ ಹಾಡಿದರೆ, ಆ ಸಮಯ ಹೋಗುವುದು ಬೆಳಗಿನ ಜಾವದ ಭೀಮ ದುರ್ಯೋಧನರ ಪಾಲಿನಿಂದ. ಅವರು ರಂಗಕ್ಕೆ ಬರುವಾಗ ಜನ ಕಂಬಳಿ ಕೊಡವಿ ಹೊರಟಿರುತ್ತಾರೆ. ಅದನ್ನು ಬಲ್ಲವನು ಅಭಿಮಾನಿಗಳಿಗೆ ಕೈಮುಗಿದು ಮಾತಿಗೆ ಇಳಿಯುತ್ತಾನೆ.

ಇನ್ನು ದೊಡ್ಡವರು ಚಿಕ್ಕವರ ಲೆಕ್ಕ. ಬಣ್ಣ ಹಚ್ಚಿದ ಮೇಲೆ ಊರಿನ ಹಿರಿತನ ಕೆಳಗಿಳಿಯುತ್ತದೆ. ಅರವತ್ತು ದಾಟಿದ ಯಜಮಾನರು ಭೀಮನಾಗಿದ್ದರೆ, ಮೂವತ್ತರ ಧರ್ಮರಾಯನ ಕಾಲಿಗೆ ಎರಗಲೇಬೇಕು, ಎರಗುತ್ತಾರೆ ಕೂಡ. ಬಣ್ಣ ಒರೆಸಿದ ಮೇಲೆ ಆ ಹುಡುಗ ಬಂದು "ಅಣ್ಣಯ್ಯ" ಎಂದು ಅವರ ಕಾಲು ಮುಟ್ಟುವುದೂ ಅಷ್ಟೇ ಖಚಿತ.

ಈಗ ಮಟ್ಟುಗಳ ರೆಕಾರ್ಡಿಂಗು ವಾಟ್ಸಾಪಿನಲ್ಲೇ ಬರುತ್ತದೆ, ಬೈಕಿನಲ್ಲಿ ಹೋಗುತ್ತ ಕಿವಿಗೆ ಹಾಕಿಕೊಂಡು ಕಲಿಯುತ್ತಾರೆ. ಆದರೂ ಹೊಸ ಹುಡುಗ ಬಂದರೆ ಅವನಿಗೆ ಕೊಡುವುದು ಹೆಚ್ಚಾಗಿ ಸಹದೇವನ ಪಾರ್ಟನ್ನೇ. ಮಾತು ನಾಲ್ಕೈದು, ನಿಲ್ಲುವುದೇ ಹೆಚ್ಚು. ಅಣ್ಣಂದಿರು ಮಾತಾಡುವಾಗ ಅವನ ಕಣ್ಣು ಅವರ ಮೇಲಿದೆಯೋ, ಜನರ ಗುಂಪಿನಲ್ಲಿ ಗೆಳೆಯರನ್ನು ಹುಡುಕುತ್ತಿದೆಯೋ ಎಂದು ಮೇಷ್ಟ್ರು ಹಾರ್ಮೋನಿಯಂ ಮೇಲಿಂದಲೇ ಗಮನಿಸುತ್ತಿರುತ್ತಾರೆ. ಕೇಳುವುದನ್ನು ಕಲಿತವನ ಹೆಸರು ಮುಂದಿನ ವರ್ಷದ ಕರಪತ್ರದಲ್ಲಿ ಅಭಿಮನ್ಯುವಿನ ಎದುರು ಅಚ್ಚಾಗುತ್ತದೆ.