ವಯಸ್ಸಾಗುವ ನಾಡಿನ ಆಟ

1997ರಲ್ಲಿ ಜರ್ಮನಿಯ ಆಟವೊಂದು ತನ್ನ ಕರ್ತೃವನ್ನೂ ಪ್ರಕಾಶಕರನ್ನೂ ಒಂದೇ ವರ್ಷದಲ್ಲಿ ಕಳೆದುಕೊಂಡಿತು. ವರ್ಷದ ಆರಂಭದಲ್ಲಿ ಉಲ್‌ರಿಶ್ ಕೀಸೋ ತೀರಿಕೊಂಡರು. ಅವರ ಆಟವನ್ನು ಅಂಗಡಿಗಳಿಗೆ ತಲುಪಿಸುತ್ತಿದ್ದ ಶ್ಮಿಟ್ ಕಂಪನಿ ದಿವಾಳಿಯಾಯಿತು. ಆಟ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ‘ದಾಸ್ ಶ್ವಾರ್ಟ್ಸೆ ಔಗೆ’, ಅಂದರೆ ‘ಕಪ್ಪು ಕಣ್ಣು’, ಮುಂದುವರಿಯಿತು. 1984ರಲ್ಲಿ ಹುಟ್ಟಿದ ಈ ಆಟ ಕೈಯಿಂದ ಕೈಗೆ ದಾಟುತ್ತ 2015ರಲ್ಲಿ ಐದನೆಯ ಆವೃತ್ತಿಯನ್ನೂ ಕಂಡಿತು. ಇದನ್ನು ಉಳಿಸಿದ್ದು ಯಾವುದು? ಚತುರ ನಿಯಮಗಳು ಎನ್ನುವವರಿದ್ದಾರೆ, ಬಾಲ್ಯದ ನೆನಪಿನ ಮೋಹ ಎನ್ನುವವರಿದ್ದಾರೆ. ಲೇಖಕರೂ ಆಟಗಾರರೂ ಸೇರಿ ವರ್ಷದಿಂದ ವರ್ಷಕ್ಕೆ ಬೆಳೆಸಿದ ಒಂದು ಕಾಲ್ಪನಿಕ ನಾಡಿನ ಚರಿತ್ರೆಯೇ ಇದನ್ನು ಉಳಿಸಿತು ಎಂದು ನನಗೆ ತೋರುತ್ತದೆ.

ಪಾತ್ರ ವಹಿಸಿ ಆಡುವ ಇಂಥ ಆಟವನ್ನು ನೋಡದವರಿಗಾಗಿ ಎರಡು ಮಾತು. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಅವರಲ್ಲೊಬ್ಬರು ‘ಮೈಸ್ಟರ್’; ಊರು, ಕಾಡು, ದಾರಿಯಲ್ಲಿ ಎದುರಾಗುವ ಜನ, ಅಪಾಯ ಎಲ್ಲವನ್ನೂ ಮಾತಿನಲ್ಲೇ ಕಟ್ಟಿಕೊಡುವುದು ಅವರ ಕೆಲಸ. ಉಳಿದವರಿಗೆ ತಲಾ ಒಂದು ಪಾತ್ರ: ಯೋಧ, ಮಂತ್ರವಾದಿ, ಎಲ್ಫ್, ಕುಬ್ಜ. ತನ್ನ ಪಾತ್ರ ಏನು ಮಾಡುತ್ತದೆಂದು ಆಟಗಾರ ಹೇಳುತ್ತಾನೆ. ಅದು ಕೈಗೂಡುವುದು ಅನುಮಾನವಾಗಿದ್ದರೆ ದಾಳ ಉರುಳಿಸುತ್ತಾನೆ. ಇಲ್ಲಿ ಒಬ್ಬರು ಗೆದ್ದು ಇನ್ನೊಬ್ಬರು ಸೋಲುವುದಿಲ್ಲ, ಕಥೆ ಮುಂದಕ್ಕೆ ಸಾಗಿದರೆ ಸರಿ. ಈ ಕ್ರಮ ಜರ್ಮನಿಯದಲ್ಲ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನಿಂದ ಬಂದದ್ದು. ಆದ್ದರಿಂದ ಕಪ್ಪು ಕಣ್ಣು ಬರೀ ನಕಲು ಎಂಬ ಆಕ್ಷೇಪ ಹಳೆಯದು, ಹುಟ್ಟಿನ ಮಟ್ಟಿಗೆ ಅದರಲ್ಲಿ ಹುರುಳೂ ಇದೆ. ಅಮೆರಿಕದ ಆಟದ ಜರ್ಮನ್ ಹಕ್ಕಿಗಾಗಿ ಶ್ಮಿಟ್ ನಡೆಸಿದ ಮಾತುಕತೆ ಮುರಿದುಬಿತ್ತು. ಆಗ ಅವರು ಸ್ವಂತ ಆಟವೊಂದನ್ನು ಮಾಡಿಕೊಡಿ ಎಂದು ಕೇಳಿದ್ದು ಕೀಸೋ, ವೆರ್ನರ್ ಫುಕ್ಸ್ ಮತ್ತು ಹಾನ್ಸ್ ಯೋಆಖಿಮ್ ಆಲ್ಪರ್ಸ್ ಸೇರಿ ಕಟ್ಟಿದ್ದ ‘ಫ್ಯಾಂಟಸಿ ಪ್ರೊಡಕ್ಷನ್ಸ್’ ಎಂಬ ಸಣ್ಣ ಸಂಸ್ಥೆಯನ್ನು. ಕೀಸೋ ಅಮೆರಿಕದ ಆಟವನ್ನೇ ಜರ್ಮನ್ ಭಾಷೆಗೆ ಅನುವಾದಿಸಿದ್ದವರು; ಅದರ ಒಳಹೊರಗು ಬಲ್ಲವರು. ಶ್ಮಿಟ್‌ಗೆ ಆಟಿಕೆ ಅಂಗಡಿಗಳ ಜಾಲವಿತ್ತು, ಜೊತೆಗೂಡಿದ ಡ್ರೋಮರ್ ಕ್ನೌರ್ ಪ್ರಕಾಶನಕ್ಕೆ ಪುಸ್ತಕದಂಗಡಿಗಳ ಜಾಲವಿತ್ತು. ಹೀಗೆ ಈ ಆಟ ಇಂಗ್ಲಿಷ್ ಬಾರದ ಶಾಲಾಮಕ್ಕಳ ಕೈಗೂ ಸುಲಭವಾಗಿ ಸಿಕ್ಕಿತು.

ನಿಯಮಗಳಲ್ಲಿ ಮಾತ್ರ ಅದು ಬೇಗನೆ ತನ್ನದೇ ದಾರಿ ಹಿಡಿಯಿತು. ಮೊದಲ ಆವೃತ್ತಿಯಲ್ಲಿ ಪಾತ್ರಕ್ಕೆ ಐದು ಗುಣಗಳಿದ್ದವು, ಈಗ ಎಂಟಿವೆ. ಧೈರ್ಯ, ಜಾಣ್ಮೆ, ಒಳಅರಿವು, ದೇಹಬಲ ಮುಂತಾದವು. ಆಟದ ಗುರುತೇ ಆಗಿಬಿಟ್ಟಿರುವುದು ಮೂರು ದಾಳಗಳ ಪರೀಕ್ಷೆ. ಗೋಡೆ ಹತ್ತಬೇಕು ಎಂದುಕೊಳ್ಳಿ. ಅದಕ್ಕೆ ಧೈರ್ಯ, ಮೈಚುರುಕು, ದೇಹಬಲ ಮೂರೂ ಬೇಕು. ಒಂದೊಂದಕ್ಕೂ 20 ಮುಖದ ದಾಳವೊಂದನ್ನು ಉರುಳಿಸಬೇಕು, ಬಿದ್ದ ಅಂಕಿ ಆ ಗುಣದ ಅಂಕಿಯನ್ನು ಮೀರಬಾರದು. ಧೈರ್ಯ 12, ಚುರುಕು 13, ಬಲ 11 ಇರುವವನಿಗೆ 14, 9, 13 ಬಿದ್ದವೆನ್ನೋಣ. ಮೊದಲನೆಯದರಲ್ಲಿ 2, ಕೊನೆಯದರಲ್ಲಿ 2, ಒಟ್ಟು 4 ಹೆಚ್ಚಾಯಿತು. ಹತ್ತುವ ವಿದ್ಯೆಯಲ್ಲಿ ಅವನು 5 ಅಂಕ ಗಳಿಸಿಟ್ಟಿದ್ದರೆ ಅದರಲ್ಲಿ 4 ಕೊಟ್ಟು ಕೊರತೆ ತುಂಬಿಸುತ್ತಾನೆ, ಉಳಿದ 1 ಅವನ ಕೆಲಸದ ಗುಣಮಟ್ಟ ಹೇಳುತ್ತದೆ. ಲೆಕ್ಕ ಹಾಕಿ ನೋಡಿದರೆ ಇದರ ಹಿಂದಿನ ನಿಲುವು ಕಾಣುತ್ತದೆ. ಮೂರೂ ಗುಣಗಳು 13 ಇದ್ದು ಏನೂ ಕಲಿಯದವನು ಗೆಲ್ಲುವ ಸಾಧ್ಯತೆ ನೂರಕ್ಕೆ ಸುಮಾರು 28. ಅದೇ ಮೈಕಟ್ಟಿನವನು 6 ಅಂಕದಷ್ಟು ಕಲಿತರೆ ಅದು ಸುಮಾರು 73ಕ್ಕೆ ಏರುತ್ತದೆ. ಹುಟ್ಟಿನಿಂದ ಬಂದದ್ದಕ್ಕಿಂತ ಕಲಿತದ್ದಕ್ಕೆ ಬೆಲೆ ಕೊಡುವ ಈ ನಿಯಮ ನನಗೆ ಬಹಳ ಹಿಡಿಸುತ್ತದೆ. ಕಾಳಗದಲ್ಲೂ ಹೊಡೆತ ಗುರಿ ಮುಟ್ಟಿದರೆ ಸಾಲದು, ಎದುರಾಳಿಗೆ ಅದನ್ನು ತಡೆಯಲು ದಾಳ ಉರುಳಿಸುವ ಅವಕಾಶವಿದೆ.

ಇದೆಲ್ಲ ಭಾರ, ನಿಧಾನ, ಒಂದು ಗೋಡೆ ಹತ್ತಲು ಇಷ್ಟು ಲೆಕ್ಕವೇ ಎಂಬ ದೂರು ಸುಳ್ಳಲ್ಲ. 2001ರ ನಾಲ್ಕನೆಯ ಆವೃತ್ತಿಯ ನಿಯಮಗಳು ದಪ್ಪ ಸಂಪುಟಗಳಾಗಿ ಬೆಳೆದಿದ್ದವು, ಹೊಸಬರು ಹೆದರುವಂತಿದ್ದವು. ಆದರೆ ನನ್ನ ವಾದಕ್ಕೆ ಈ ದೂರೇ ಪುಷ್ಟಿ ಕೊಡುತ್ತದೆ. ಇದಕ್ಕಿಂತ ಹಗುರವಾದ, ಚುರುಕಾದ ಆಟಗಳು ಬೇಕಾದಷ್ಟು ಬಂದಿವೆ. ಆದರೂ ಜನ ಇದನ್ನು ಬಿಡಲಿಲ್ಲವೆಂದರೆ ಅವರನ್ನು ಹಿಡಿದಿಟ್ಟದ್ದು ದಾಳದ ಲೆಕ್ಕವಲ್ಲ.

ಹಿಡಿದಿಟ್ಟದ್ದು ಅವೆಂಟೂರಿಯಾ. ಹನ್ನೆರಡು ದೇವರನ್ನು ಪೂಜಿಸುವ, ಗಾರೆತ್ ಎಂಬ ಮಹಾನಗರದಿಂದ ಆಳಲ್ಪಡುವ ಮಧ್ಯ ಸಾಮ್ರಾಜ್ಯ, ಉತ್ತರದ ಕಡಲುಗಳ್ಳರ ಥೋರ್ವಾಲ್, ಮರಳುಗಾಡಿನ ನೊವಾದಿಗಳು, ಸದಾ ಕಾದಾಡುವ ನೋಸ್ಟ್ರಿಯಾ ಮತ್ತು ಆಂಡರ್‌ಗಾಸ್ಟ್ ಎಂಬ ಎರಡು ಬಡ ರಾಜ್ಯಗಳು, ಎಲ್ಲವೂ ಒಂದೇ ಸಣ್ಣ ಖಂಡದಲ್ಲಿವೆ. ಕಾಲ್ಪನಿಕ ನಾಡುಗಳು ಬೇರೆ ಆಟಗಳಲ್ಲೂ ಉಂಟು. ಇಲ್ಲಿನ ವಿಶೇಷವೆಂದರೆ ನಮ್ಮ ಕಾಲದ ಜೊತೆಯಲ್ಲೇ ಅಲ್ಲಿಯೂ ಕಾಲ ಸರಿಯುತ್ತದೆ. ರಾಜರು ಮುದುಕರಾಗುತ್ತಾರೆ, ಸಾಯುತ್ತಾರೆ, ಮಕ್ಕಳು ಪಟ್ಟಕ್ಕೆ ಬರುತ್ತಾರೆ. ಈ ಸುದ್ದಿಗಳನ್ನು ಹೊತ್ತು ತರಲು 1985ರಿಂದ ‘ಅವೆಂಟೂರಿಶರ್ ಬೋಟೆ’ ಎಂಬ ಪತ್ರಿಕೆಯೇ ಇದೆ. ಆ ನಾಡಿನ ವೃತ್ತಪತ್ರಿಕೆಯೋ ಎಂಬಂತೆ ಅದನ್ನು ಬರೆಯುತ್ತಾರೆ. ಆಟಗಾರರು ಒಂದೊಂದು ಜಹಗೀರನ್ನು ವಹಿಸಿಕೊಂಡು, ಪಾಳೆಯಗಾರರಾಗಿ ಒಬ್ಬರಿಗೊಬ್ಬರು ಕಾಗದ ಬರೆಯುವ ‘ಪತ್ರದಾಟ’ ಬೆಳೆಯಿತು, ಅದರಲ್ಲಿ ನಡೆದದ್ದು ಅಧಿಕೃತ ಚರಿತ್ರೆಗೂ ಸೇರತೊಡಗಿತು. 1990ರ ದಶಕದಲ್ಲಿ ಬೋರ್ಬರಾದ್ ಎಂಬ ಕರಾಳ ಮಾಂತ್ರಿಕನ ಮರಳುವಿಕೆಯ ಕಥಾಸರಣಿ ವರ್ಷಗಟ್ಟಲೆ ನಡೆಯಿತು. ಕಥೆ ಮುಗಿದ ಮೇಲೂ ಪೂರ್ವದ ಪ್ರಾಂತ್ಯಗಳು ಅವನ ಕೇಡಿನಿಂದ ಬಿಡಿಸಿಕೊಳ್ಳಲಿಲ್ಲ. ಭೂಪಟವೇ ಬದಲಾಯಿತು, ಮುಂದೆ ಬಂದ ಆಟಗಾರರು ಆ ಬದಲಾದ ನಾಡಿನಲ್ಲೇ ಆಡಬೇಕಾಯಿತು. 1997ರ ಹೊಡೆತವನ್ನು ಆಟ ತಾಳಿಕೊಂಡದ್ದೂ ಇದರಿಂದಲೇ. ಅಷ್ಟು ಹೊತ್ತಿಗೆ ನಾಡಿನ ಅರಿವು ನೂರಾರು ಜನರಲ್ಲಿ ಹಂಚಿಹೋಗಿತ್ತು. ಪ್ರಕಟಣೆಯನ್ನು ಕೀಸೋ ಅವರ ಸಂಸ್ಥೆಯೇ ಕೈಗೆತ್ತಿಕೊಂಡಿತು, 2007ರಲ್ಲಿ ಅದು ಉಲಿಸೆಸ್ ಕಂಪನಿಗೆ ಬಂತು.

ಗಟ್ಟಿಯಾದ ಆಕ್ಷೇಪ ಇಲ್ಲಿಯೇ ಎದುರಾಗುತ್ತದೆ. ಮುಂದೇನಾಗಬೇಕೆಂದು ಪ್ರಕಾಶಕರೇ ಬರೆದಿಟ್ಟ ಮೇಲೆ ಆಟಗಾರರಿಗೆ ಉಳಿಯುವ ಸ್ವಾತಂತ್ರ್ಯ ಯಾವುದು? ಅವರು ಎಷ್ಟೇ ಹೋರಾಡಿದರೂ ಸಾಯಬೇಕಾದ ರಾಜ ಸತ್ತೇ ಸಾಯುತ್ತಾನಲ್ಲ? ನಮ್ಮ ತಾಳಮದ್ದಳೆಯನ್ನು ಕೇಳಿದವರಿಗೆ ಉತ್ತರ ಹೊಳೆಯುತ್ತದೆ. ಅಲ್ಲಿ ಪ್ರಸಂಗ ಮೊದಲೇ ಗೊತ್ತು, ಕರ್ಣ ಬೀಳುವುದೂ ಗೊತ್ತು. ಆದರೂ ಅರ್ಥಧಾರಿ ಆ ರಾತ್ರಿ ಕರ್ಣನಿಂದ ಏನು ಆಡಿಸುತ್ತಾನೆ ಎಂದು ಜನ ಕಾದು ಕೂರುತ್ತಾರೆ. ಕಪ್ಪು ಕಣ್ಣಿನ ಮೇಜಿನಲ್ಲೂ ದೊಡ್ಡ ಘಟನೆ ನಿಂತಿರುತ್ತದೆ. ಅದರೊಳಗೆ ಯಾರನ್ನು ಉಳಿಸಿದೆವು, ಯಾರಿಗೆ ಮೋಸ ಮಾಡಿದೆವು, ಯಾವ ಮಾತಿಗೆ ನಿಂತೆವು ಎಂಬುದು ಆಡುವವರ ಕೈಯಲ್ಲಿದೆ. ಅಲ್ಲದೆ ಅಧಿಕೃತ ಚರಿತ್ರೆಯನ್ನು ಬದಿಗಿಟ್ಟು ತನ್ನದೇ ಅವೆಂಟೂರಿಯಾ ನಡೆಸಲು ಯಾವ ಮೈಸ್ಟರ್‌ಗೂ ತಡೆಯಿಲ್ಲ. ನಾಯಕರು ಬರೀ ಪ್ರೇಕ್ಷಕರಾಗಿ ನಿಂತು ನೋಡುವ ಕೆಲವು ಹಳೆಯ ಕಥಾಪುಸ್ತಕಗಳಿವೆ ನಿಜ. ಆ ದೋಷ ಆ ಬರಹಗಾರರದು, ಪದ್ಧತಿಯದಲ್ಲ.

ಇನ್ನೊಂದು ಆಕ್ಷೇಪವನ್ನು ಮಾತ್ರ ನಾನು ಒಪ್ಪುತ್ತೇನೆ. ಮರಳುಗಾಡಿನ ಜನರನ್ನೂ ದಕ್ಷಿಣದ ಕಾಡಿನ ಜನರನ್ನೂ ಹಳೆಯ ಪುಸ್ತಕಗಳು ಯುರೋಪಿನ ಸಾಹಸಕಥೆಗಳ ಸವೆದ ಅಚ್ಚಿನಲ್ಲೇ ಎರಕ ಹೊಯ್ದಿವೆ. ನಾಡಿಗೆ ಚರಿತ್ರೆ ಇದೆ ಎಂದು ಹೆಮ್ಮೆಪಡುವವರು ಆ ಜನರಿಗೂ ಅಷ್ಟೇ ಆಳವಾದ ಚರಿತ್ರೆಯನ್ನು ಬರೆಯುವ ಹೊಣೆ ಹೊರಬೇಕು.

ಜರ್ಮನ್ ಬಾರದವರಿಗೂ ಈ ನಾಡಿಗೆ ದಾರಿಯಿದೆ. 1992ರಿಂದ 1996ರವರೆಗೆ ಬಂದ ಮೂರು ಕಂಪ್ಯೂಟರ್ ಆಟಗಳು ಇಂಗ್ಲಿಷಿನಲ್ಲಿ ‘ರೆಲ್ಮ್ಸ್ ಆಫ್ ಅರ್ಕೇನಿಯಾ’ ಎಂದು ಹೆಸರಾದವು. ಐದನೆಯ ಆವೃತ್ತಿಯ ನಿಯಮಪುಸ್ತಕ ‘ದಿ ಡಾರ್ಕ್ ಐ’ ಎಂಬ ಹೆಸರಿನಲ್ಲಿ 2016ರಲ್ಲಿ ಇಂಗ್ಲಿಷಿಗೆ ಬಂದಿದೆ. ಅದನ್ನು ಕೈಗೆತ್ತಿಕೊಳ್ಳುವವರಲ್ಲಿ ಒಂದು ಮಾತು: ದಾಳದ ಕೋಷ್ಟಕಗಳನ್ನು ಆಮೇಲೆ ನೋಡಿ, ಮೊದಲು ನಾಡಿನ ಪರಿಚಯದ ಅಧ್ಯಾಯವನ್ನು ಓದಿ.