ಮನೆಯ ತೊಟ್ಟಿಯಲ್ಲಿ ಕಡಲಹೂವು: ಮೀನು ಬದುಕೀತು, ಹೂವು ಬದುಕೀತೆ?

ಮೇಲವಂಕಿ (ಗೋಕಾಕ): ಕಬ್ಬು, ಗೋವಿನಜೋಳದ ಹೊಲಗಳ ಈ ಸೀಮೆಗೂ ಅರಬ್ಬಿ ಸಮುದ್ರಕ್ಕೂ ನಡುವೆ ಸಹ್ಯಾದ್ರಿಯ ಸಾಲು ಅಡ್ಡ ನಿಂತಿದೆ. ಇಲ್ಲಿನ ಘಟಪ್ರಭೆಯೂ ಹತ್ತಿರದ ಕಡಲಿಗೆ ಬೆನ್ನು ಹಾಕಿ, ಪೂರ್ವಕ್ಕೆ ಹರಿದು ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಯ ದಾರಿ ಹಿಡಿಯುತ್ತದೆ. ಆದರೂ ಸಮುದ್ರದ ಒಂದು ತುಣುಕನ್ನು ಇಂತಹ ಒಳನಾಡಿನ ಮನೆಯೊಳಗೆ ಕಟ್ಟುವುದು ಈಗ ಅಸಾಧ್ಯವೇನಲ್ಲ. ಕಡಲುಪ್ಪಿನ ಮಿಶ್ರಣ, ಎಲ್ಇಡಿ ದೀಪ, ಪಂಪುಗಳು ಪಾರ್ಸೆಲ್ ಮೂಲಕ ಮನೆ ಬಾಗಿಲಿಗೇ ಬರುತ್ತವೆ. 2003ರಲ್ಲಿ ತೆರೆಕಂಡ 'ಫೈಂಡಿಂಗ್ ನೆಮೊ' ಚಿತ್ರವನ್ನು ನೋಡಿದ ಮಕ್ಕಳಿರುವ ಮನೆಗಳಲ್ಲಿ ಮೊದಲು ಕೇಳಿಬರುವ ಬೇಡಿಕೆಯೂ ಒಂದೇ: ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಕ್ಲೌನ್ ಮೀನು, ಮತ್ತು ಅದು ಅಡಗಿ ಕೂರುವ ಸೀ ಅನಿಮೋನ್, ಅಂದರೆ ಕಡಲಹೂವು.

ಈ ಜೋಡಿಯಲ್ಲಿ ಮೀನನ್ನು ಸಾಕುವುದು ಒಂದು ಮಾತು, ಹೂವನ್ನು ಸಾಕುವುದು ಬೇರೆಯೇ ಮಾತು. ಮೀನು ಇಂದು ಮರಿ ಕೇಂದ್ರದಲ್ಲಿ ಹುಟ್ಟುತ್ತದೆ. ಕಡಲಹೂವು ಮಾತ್ರ ಹೆಚ್ಚಾಗಿ ಕಡಲಿನಿಂದಲೇ ಕಿತ್ತು ಬರುತ್ತದೆ. ಕೊಳ್ಳುವ ಮೊದಲು ಈ ವ್ಯತ್ಯಾಸವನ್ನು ತಿಳಿಯುವುದು ಅಗತ್ಯ.

ಹೂವಲ್ಲ, ಪ್ರಾಣಿ

ಹೆಸರಿನಲ್ಲಿ ಹೂವಿದ್ದರೂ ಸೀ ಅನಿಮೋನ್ ಒಂದು ಪ್ರಾಣಿ. ಅಂಬಲಿ ಮೀನು ಮತ್ತು ಹವಳಗಳು ಇದರ ದಾಯಾದಿಗಳು. ಬುಡದಿಂದ ಬಂಡೆಗೆ ಅಂಟಿ ಕುಳಿತು, ಬಾಯಿಯ ಸುತ್ತಲೂ ಎಸಳುಗಳಂತೆ ಕಾಣುವ ಸ್ಪರ್ಶಾಂಗಗಳನ್ನು ಹರಡಿಕೊಳ್ಳುತ್ತದೆ. ಆ ಎಸಳುಗಳ ತುಂಬ ಕುಟುಕು ಕೋಶಗಳಿವೆ. ತಾಗಿದ ಸಣ್ಣ ಮೀನಿಗೆ ವಿಷ ಚುಚ್ಚಿ ನುಂಗುವುದು ಇದರ ಸ್ವಭಾವ. ಕ್ಲೌನ್ ಮೀನಿನ ಮೈಮೇಲಿನ ಲೋಳೆ ಮಾತ್ರ ಈ ಕೋಶಗಳನ್ನು ಕೆರಳಿಸುವುದಿಲ್ಲ. ಹೊಸ ಕಡಲಹೂವನ್ನು ಕಂಡ ಮೀನು ಒಮ್ಮೆಲೇ ಒಳನುಗ್ಗುವುದಿಲ್ಲ. ಹೊಟ್ಟೆಯನ್ನೋ ಬಾಲವನ್ನೋ ಮೆಲ್ಲನೆ ತಾಗಿಸಿ, ಹಿಂಜರಿದು, ಮತ್ತೆ ತಾಗಿಸಿ ಒಗ್ಗಿಕೊಳ್ಳುತ್ತದೆ.

ಈ ಸಹಜೀವನದಲ್ಲಿ ಇಬ್ಬರಿಗೂ ಲಾಭವಿದೆ. ಮೀನಿಗೆ ಶತ್ರುಗಳಿಂದ ರಕ್ಷಣೆ ದೊರೆಯುತ್ತದೆ. ಎಸಳುಗಳನ್ನು ಕಚ್ಚಿ ತಿನ್ನಲು ಬರುವ ಚಿಟ್ಟೆ ಮೀನುಗಳನ್ನು ಕ್ಲೌನ್ ಮೀನು ಅಟ್ಟಿ ಓಡಿಸುತ್ತದೆ. ಅದರ ವಿಸರ್ಜನೆಯಲ್ಲಿರುವ ಅಮೋನಿಯಾ ಕಡಲಹೂವಿನ ದೇಹದೊಳಗೆ ನೆಲೆಸಿರುವ ಸೂಕ್ಷ್ಮ ಪಾಚಿಗೆ ಗೊಬ್ಬರವಾಗುತ್ತದೆ. ಆ ಪಾಚಿ ಬೆಳಕಿನಿಂದ ಆಹಾರ ತಯಾರಿಸಿ ಅದರಲ್ಲಿ ಪಾಲನ್ನು ತನ್ನ ಆಶ್ರಯದಾತನಿಗೆ ಕೊಡುತ್ತದೆ. ಹೀಗಾಗಿ ಇಲ್ಲಿರುವುದು ಇಬ್ಬರ ಸಂಸಾರವಲ್ಲ, ಮೂವರದು. ಮೂರನೆಯದಾದ ಪಾಚಿ ಸತ್ತರೆ ಕಡಲಹೂವು ಬಿಳಿಚಿಕೊಂಡು ಸೊರಗುತ್ತದೆ.

ಜಗತ್ತಿನಲ್ಲಿ ಸಾವಿರಕ್ಕೂ ಹೆಚ್ಚು ಜಾತಿಯ ಸೀ ಅನಿಮೋನ್‌ಗಳಿದ್ದರೂ ಕ್ಲೌನ್ ಮೀನುಗಳಿಗೆ ಮನೆಯಾಗುವಂಥವು ಸುಮಾರು 10 ಮಾತ್ರ. ಕ್ಲೌನ್ ಮೀನುಗಳಲ್ಲಿ ಸುಮಾರು 30 ಜಾತಿಗಳಿವೆ. ಎಲ್ಲ ಮೀನೂ ಎಲ್ಲ ಹೂವನ್ನು ಒಪ್ಪುವುದಿಲ್ಲ. ಮನೆಯ ತೊಟ್ಟಿಗಳಲ್ಲಿ ತಕ್ಕಮಟ್ಟಿಗೆ ಗಟ್ಟಿ ಎನಿಸಿರುವುದು ಎಸಳಿನ ತುದಿ ಗುಳ್ಳೆಯಂತೆ ಉಬ್ಬುವ 'ಬಬಲ್ ಟಿಪ್' ಜಾತಿ.

ಸಮುದ್ರ ಕಟ್ಟುವ ಲೆಕ್ಕ

ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣವಿರುತ್ತದೆ. ಅಂದರೆ 200 ಲೀಟರಿನ ತೊಟ್ಟಿಗೆ ಸುಮಾರು 7 ಕಿಲೋ ಉಪ್ಪು ಬೇಕು. ಅಡುಗೆ ಉಪ್ಪು ಇದಕ್ಕೆ ಬರುವುದಿಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ಮುಂತಾದವು ಸರಿಯಾದ ಪ್ರಮಾಣದಲ್ಲಿರುವ ಅಕ್ವೇರಿಯಂ ಮಿಶ್ರಣವೇ ಆಗಬೇಕು. ಕಾರವಾರದ ದಂಡೆಯಿಂದ ಕ್ಯಾನುಗಳಲ್ಲಿ ನೀರು ತರುವ ಯೋಚನೆಯೂ ಸುಲಭವಲ್ಲ. ಮಳೆಗಾಲದಲ್ಲಿ ನದಿಗಳ ಸಿಹಿನೀರು ಸೇರಿ ದಂಡೆಯ ನೀರಿನ ಲವಣಾಂಶ ಇಳಿದುಬಿಡುತ್ತದೆ.

ಉಪ್ಪು ಬೆರೆಸುವ ನೀರೂ ಶುದ್ಧವಾಗಿರಬೇಕು. ರಸಗೊಬ್ಬರ ಹೆಚ್ಚಾಗಿ ಬಳಸುವ ಹೊಲಗಳ ಸುತ್ತಿನ ಕೊಳವೆಬಾವಿಯ ನೀರಿನಲ್ಲಿ ನೈಟ್ರೇಟ್ ಇರುವ ಸಂಭವವುಂಟು; ಕಡಲಹೂವಿಗೆ ಅದು ಆಗಿಬರುವುದಿಲ್ಲ. ಆದ್ದರಿಂದ ಆರ್‌ಓ ಯಂತ್ರದಿಂದ ಶುದ್ಧೀಕರಿಸಿದ ನೀರನ್ನೇ ಬಳಸಬೇಕು. ತೊಟ್ಟಿಯಿಂದ ನೀರು ಆವಿಯಾಗುತ್ತದೆ, ಉಪ್ಪು ಆವಿಯಾಗುವುದಿಲ್ಲ. ಹಾಗಾಗಿ ಆವಿಯಾದಷ್ಟು ನೀರನ್ನು ತುಂಬುವಾಗ ಉಪ್ಪಿಲ್ಲದ ಶುದ್ಧ ನೀರನ್ನು ಹಾಕಬೇಕೇ ಹೊರತು ಉಪ್ಪುನೀರನ್ನಲ್ಲ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿಯೇ.

ತೊಟ್ಟಿ ಸಿದ್ಧವಾದ ದಿನವೇ ಜೀವಿಗಳನ್ನು ಬಿಡುವಂತಿಲ್ಲ. ಮೀನಿನ ಹೊಲಸು ಮೊದಲು ಅಮೋನಿಯಾ ಆಗುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯದು ನೈಟ್ರೇಟ್ ಆಗಿಯೂ ಪರಿವರ್ತಿಸುತ್ತದೆ. ಈ ಬ್ಯಾಕ್ಟೀರಿಯಾಗಳು ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಆ ಬಳಿಕ ಮೀನನ್ನು ಬಿಡಬಹುದು. ಕಡಲಹೂವಿಗೆ ಇಷ್ಟು ಸಾಲದು. ಕನಿಷ್ಠ ಆರು ತಿಂಗಳಾದರೂ ನೀರು ಏರುಪೇರಿಲ್ಲದೆ ನಿಂತಿರಬೇಕು ಎಂಬುದು ಅನುಭವಿಗಳ ಕಟ್ಟಳೆ. ಪಾಚಿಯನ್ನು ಬದುಕಿಸುವಷ್ಟು ಪ್ರಖರವಾದ ದೀಪ ಬೇಕು. ತೊಟ್ಟಿಯ ಪಂಪುಗಳ ಬಾಯಿಗೆ ಸ್ಪಂಜು ಕಟ್ಟಬೇಕು. ಏಕೆಂದರೆ ಜಾಗ ಹಿಡಿಸದಿದ್ದರೆ ಕಡಲಹೂವು ಬುಡ ಸಡಿಲಿಸಿ ನಡೆಯತೊಡಗುತ್ತದೆ, ಪಂಪಿಗೆ ಸಿಕ್ಕಿ ಚೂರಾಗುತ್ತದೆ. ಹಾಗೆ ಸತ್ತು ಕೊಳೆತ ಒಂದೇ ಕಡಲಹೂವು ಬೆಳಗಾಗುವುದರೊಳಗೆ ಇಡೀ ತೊಟ್ಟಿಯ ನೀರನ್ನು ಕೆಡಿಸಬಲ್ಲದು. ಮೀನಿನ ರೋಗಕ್ಕೆ ಬಳಸುವ ತಾಮ್ರದ ಔಷಧಿಯೂ ಇದಕ್ಕೆ ಮಾರಕ.

ಬೇಸಿಗೆ ಮತ್ತು ಕರೆಂಟು

ಈ ಜೀವಿಗಳಿಗೆ ಹಿತವಾದ ಉಷ್ಣತೆ 24ರಿಂದ 27 ಡಿಗ್ರಿ ಸೆಲ್ಸಿಯಸ್. ಏಪ್ರಿಲ್, ಮೇ ತಿಂಗಳ ಬಯಲುಸೀಮೆಯ ಬಿಸಿಲಿನಲ್ಲಿ ತೊಟ್ಟಿಯ ನೀರು ಈ ಮಿತಿಯನ್ನು ಸುಲಭವಾಗಿ ದಾಟುತ್ತದೆ. ನೀರಿನ ಮೇಲೆ ಫ್ಯಾನು ಹಾಯಿಸಿದರೆ ಒಂದೆರಡು ಡಿಗ್ರಿ ಇಳಿದೀತು. ಅದಕ್ಕೂ ಬಗ್ಗದಿದ್ದರೆ ನೀರು ತಂಪಾಗಿಸುವ ಚಿಲ್ಲರ್ ಯಂತ್ರ ಬೇಕು, ಅದರ ವಿದ್ಯುತ್ ಬಿಲ್ಲನ್ನೂ ಕಟ್ಟಬೇಕು. ಗಂಟೆಗಟ್ಟಲೆ ಕರೆಂಟು ಹೋದರೆ ಪಂಪು ನಿಂತು ನೀರಿನಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ. ಹಳ್ಳಿಯ ಮನೆಯಲ್ಲಾಗಲಿ ನಗರದ ಫ್ಲ್ಯಾಟಿನಲ್ಲಾಗಲಿ, ಬ್ಯಾಟರಿಯಿಂದ ನಡೆಯುವ ಗಾಳಿ ಪಂಪು ಇಲ್ಲದೆ ಕಡಲ ತೊಟ್ಟಿಯನ್ನು ಇಡುವುದು ಕ್ಷೇಮವಲ್ಲ.

ಹುಟ್ಟಿಸಬಹುದಾದ ಮೀನು, ಹುಟ್ಟಿಸಲಾಗದ ಹೂವು

ಕ್ಲೌನ್ ಮೀನಿನ ಸಂಸಾರವೇ ಒಂದು ಸೋಜಿಗ. ಗುಂಪಿನಲ್ಲಿ ಎಲ್ಲರಿಗಿಂತ ದೊಡ್ಡದು ಹೆಣ್ಣು, ಎರಡನೆಯದು ಗಂಡು, ಉಳಿದವು ಸಂತಾನಕ್ಕೆ ಸಿದ್ಧವಾಗದ ಚಿಕ್ಕ ಮೀನುಗಳು. ಹೆಣ್ಣು ಸತ್ತರೆ ಗಂಡೇ ಹೆಣ್ಣಾಗಿ ಮಾರ್ಪಡುತ್ತದೆ. ಬಂಡೆಗೆ ಅಂಟಿಸಿದ ಮೊಟ್ಟೆಗಳಿಗೆ ತಂದೆ ಮೀನು ರೆಕ್ಕೆಯಿಂದ ಗಾಳಿ ಹಾಕುತ್ತ ಕಾವಲಿರುತ್ತದೆ. ಸುಮಾರು ಒಂದು ವಾರದಲ್ಲಿ ಮರಿಗಳು ಹೊರಬರುತ್ತವೆ. ಇದೆಲ್ಲವೂ ತೊಟ್ಟಿಯೊಳಗೂ ನಡೆಯುತ್ತದೆ ಎಂಬುದು ಗಮನಾರ್ಹ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ತಮಿಳುನಾಡಿನ ಮಂಡಪಂ ಹಾಗೂ ಕೇರಳದ ವಿಳಿಂಜಂ ಕೇಂದ್ರಗಳಲ್ಲಿ ಕ್ಲೌನ್ ಮೀನಿನ ಮರಿ ಉತ್ಪಾದನೆಯ ವಿಧಾನವನ್ನು ರೂಪಿಸಿದೆ. ಲಕ್ಷದ್ವೀಪದ ಅಗತ್ತಿಯಲ್ಲಿ ರಾಷ್ಟ್ರೀಯ ಮೀನು ತಳಿ ಸಂಪನ್ಮೂಲ ಬ್ಯೂರೋ ದ್ವೀಪದ ಮಹಿಳೆಯರಿಗೆ ಅಲಂಕಾರಿಕ ಕಡಲ ಜೀವಿಗಳ ಸಾಕಣೆಯ ತರಬೇತಿ ನೀಡಿದೆ.

ಕಡಲಹೂವಿನ ಕಥೆ ಹೀಗಿಲ್ಲ. ಬಬಲ್ ಟಿಪ್ ಜಾತಿಯು ತನ್ನನ್ನೇ ಎರಡಾಗಿ ಸೀಳಿಕೊಂಡು ತೊಟ್ಟಿಯಲ್ಲಿ ವೃದ್ಧಿಯಾಗುವುದುಂಟು. ಆದರೆ ದೊಡ್ಡ ಜಾತಿಗಳು ಬಹುಪಾಲು ಹವಳ ದಿಬ್ಬಗಳಿಂದ ಕಿತ್ತು ತಂದವೇ ಆಗಿರುತ್ತವೆ. ಫಿಲಿಪ್ಪೀನ್ಸಿನ ಸೆಬು ಪ್ರದೇಶದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅಕ್ವೇರಿಯಂ ವ್ಯಾಪಾರಕ್ಕಾಗಿ ಸಂಗ್ರಹ ನಡೆಯುವ ಕಡೆ ಕಡಲಹೂವು ಮತ್ತು ಕ್ಲೌನ್ ಮೀನು ಎರಡೂ ವಿರಳವಾಗಿರುವುದನ್ನು ತೋರಿಸಿತು. ಮನೆ ಕಿತ್ತರೆ ಮನೆಯವರೂ ಉಳಿಯುವುದಿಲ್ಲ ಎಂಬುದೇ ಇದರ ಅರ್ಥ. ಇದರ ಜೊತೆಗೆ ಕಡಲು ಕಾದು 1998, 2010, 2016 ಹಾಗೂ 2024ರಲ್ಲಿ ಲಕ್ಷದ್ವೀಪದ ಹವಳಗಳು ಬಿಳಿಚಿಕೊಂಡಿವೆ. ಅಂತಹ ಕಾವಿನಲ್ಲಿ ಕಡಲಹೂವುಗಳೂ ತಮ್ಮೊಳಗಿನ ಪಾಚಿಯನ್ನು ಕಳೆದುಕೊಳ್ಳುತ್ತವೆ.

ಇನ್ನು ಆಯುಷ್ಯದ ಮಾತು. 1828ರಲ್ಲಿ ಸ್ಕಾಟ್ಲೆಂಡಿನ ವಿಜ್ಞಾನಿ ಜಾನ್ ಗ್ರಹಾಂ ಡಾಲ್ಯೆಲ್ ತಮ್ಮ ನಾಡಿನ ಕರಾವಳಿಯಿಂದ ಒಂದು ಸೀ ಅನಿಮೋನನ್ನು ತಂದು ಗಾಜಿನ ಜಾಡಿಯಲ್ಲಿ ಸಾಕಿದರು. 'ಗ್ರ್ಯಾನಿ', ಅಂದರೆ ಅಜ್ಜಿ ಎಂದು ಹೆಸರಾದ ಅದು ಸಾಕಿದವರ ಕಾಲಾನಂತರವೂ ಕೈಯಿಂದ ಕೈಗೆ ದಾಟಿ 1887ರವರೆಗೆ ಬದುಕಿತ್ತು. ಅದು ತಣ್ಣೀರಿನ ಬೇರೆ ಜಾತಿ, ಕ್ಲೌನ್ ಮೀನಿನ ಸಂಗಾತಿಯಲ್ಲ. ಆದರೆ ಈ ಜೀವಿಗಳಿಗೆ ವಯಸ್ಸು ಎಂಬುದು ಮನುಷ್ಯನ ಲೆಕ್ಕದಲ್ಲಿಯೇ ಇರಬಲ್ಲದು ಎನ್ನಲು ಅದೇ ಸಾಕ್ಷಿ. ದಶಕಗಳ ಆಯುಷ್ಯವುಳ್ಳ ಪ್ರಾಣಿಯೊಂದು ಕೊಂಡ ಕೆಲವೇ ತಿಂಗಳಲ್ಲಿ ತೊಟ್ಟಿಯಲ್ಲಿ ಸತ್ತರೆ ಅದನ್ನು ಸಹಜ ಸಾವು ಎನ್ನಲಾಗದು.

ಕಾನೂನು ಏನು ಹೇಳುತ್ತದೆ?

ತೊಟ್ಟಿಯ ಅಲಂಕಾರಕ್ಕೆ ಹವಳವನ್ನು ಕೊಳ್ಳುವವರು ಎಚ್ಚರ ವಹಿಸಬೇಕು. ಹವಳ ದಿಬ್ಬ ಕಟ್ಟುವ ಜೀವಿಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಪರಿಚ್ಛೇದಕ್ಕೆ ಸೇರಿಸಲಾಗಿದೆ. ಹುಲಿಗೆ ಇರುವ ರಕ್ಷಣೆಯೇ ಹವಳಕ್ಕೂ ಇದೆ. ಮುರ್ಡೇಶ್ವರದ ಆಚೆ ಕಡಲಿನಲ್ಲಿರುವ ನಮ್ಮದೇ ರಾಜ್ಯದ ನೇತ್ರಾಣಿ ದ್ವೀಪದ ಹವಳಗಳಿಗೂ ಇದು ಅನ್ವಯಿಸುತ್ತದೆ. 2017ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರವು ಅಕ್ವೇರಿಯಂ ಅಂಗಡಿಗಳಿಗೆ ನಿಯಮಗಳನ್ನು ಪ್ರಕಟಿಸಿ, ಮಾರಬಾರದ 158 ಜಾತಿಗಳ ಪಟ್ಟಿಯಲ್ಲಿ ಕ್ಲೌನ್ ಮೀನನ್ನೂ ಹೆಸರಿಸಿತ್ತು. ವ್ಯಾಪಾರಿಗಳ ವಿರೋಧದ ಬಳಿಕ ಅದೇ ವರ್ಷ ಆ ನಿಯಮಗಳನ್ನು ಹಿಂತೆಗೆದುಕೊಳ್ಳಲಾಯಿತು. ಹೀಗಾಗಿ ಕ್ಲೌನ್ ಮೀನು ಎಲ್ಲಿಂದ ಬಂತು ಎಂದು ಕೇಳುವ ಹೊಣೆ ಈಗ ಕೊಳ್ಳುವವರ ಮೇಲೆಯೇ ಇದೆ.

ಹಾಗಾದರೆ ಏನು ಮಾಡಬೇಕು?

ಮೊದಲಿಗೆ, ಮರಿ ಕೇಂದ್ರದಲ್ಲಿ ಹುಟ್ಟಿದ ಮೀನನ್ನೇ ಕೇಳಿ ಕೊಳ್ಳಬೇಕು. ಅದು ತೊಟ್ಟಿಯ ನೀರಿಗೂ ಒಣ ಆಹಾರಕ್ಕೂ ಒಗ್ಗಿರುತ್ತದೆ. ಒಂದು ಜೋಡಿಗಿಂತ ಹೆಚ್ಚು ಬೇಡ. ಒಳ್ಳೆಯ ಆರೈಕೆಯಲ್ಲಿ ಅವು ಹತ್ತು ವರ್ಷಕ್ಕೂ ಮಿಕ್ಕಿ ಬದುಕುತ್ತವೆ.

ಎರಡನೆಯದಾಗಿ, ಕಡಲಹೂವಿನ ಆಸೆಯನ್ನು ಒಂದು ವರ್ಷವಾದರೂ ಮುಂದೂಡಬೇಕು. ಆ ಅವಧಿಯಲ್ಲಿ ಒಂದು ಬೇಸಿಗೆ, ಒಂದು ಮಳೆಗಾಲ ಮತ್ತು ಹಲವು ಬಾರಿ ಕರೆಂಟು ಹೋದದ್ದನ್ನು ತೊಟ್ಟಿ ತಾಳಿಕೊಂಡಿದ್ದರೆ ಮಾತ್ರ, ಅದೂ ತೊಟ್ಟಿಯಲ್ಲಿಯೇ ಸೀಳಿ ಬೆಳೆದ ಬಬಲ್ ಟಿಪ್ ಸಿಕ್ಕರೆ, ತರುವ ವಿಚಾರ ಮಾಡಬಹುದು. ಅಂಗಡಿಯಲ್ಲಿ ಹಾಲಿನಂತೆ ಬೆಳ್ಳಗಿರುವ, ಇಲ್ಲವೇ ಕಣ್ಣು ಕುಕ್ಕುವ ಹಳದಿ, ಗುಲಾಬಿ ಬಣ್ಣದ ಕಡಲಹೂವನ್ನು ಕೊಳ್ಳಬಾರದು. ಮೊದಲನೆಯದು ಪಾಚಿ ಕಳೆದುಕೊಂಡದ್ದು, ಎರಡನೆಯದು ಹಲವು ಬಾರಿ ಬಣ್ಣ ಹಾಕಿದ್ದು.

ಮೂರನೆಯದು ಎಲ್ಲಕ್ಕಿಂತ ಸರಳ. ಕಾಡುವ ಶತ್ರುಗಳಿಲ್ಲದ ತೊಟ್ಟಿಯಲ್ಲಿ ಕ್ಲೌನ್ ಮೀನಿಗೆ ಕಡಲಹೂವು ಅನಿವಾರ್ಯವಲ್ಲ. ಮರಿ ಕೇಂದ್ರಗಳಲ್ಲಿ ಈ ಮೀನುಗಳು ಹೆಂಚಿನ ಚೂರು, ಮಣ್ಣಿನ ಕುಂಡಗಳ ಮೇಲೆಯೇ ಮೊಟ್ಟೆಯಿಡುತ್ತವೆ. ಕುಂಬಾರರಲ್ಲಿ ಸಿಗುವ, ಬಣ್ಣ ಬಳಿಯದ ಒಂದು ಸಣ್ಣ ಮಣ್ಣಿನ ಕುಂಡವನ್ನು ತೊಳೆದು ತೊಟ್ಟಿಯಲ್ಲಿ ಓರೆಯಾಗಿ ಮಲಗಿಸಿದರೆ ಜೋಡಿಯು ಅದನ್ನೇ ತನ್ನ ಮನೆ ಮಾಡಿಕೊಂಡೀತು. ಕಡಲಹೂವು ತಾನಿರುವ ಕಡಲಿನಲ್ಲಿಯೇ ಉಳಿಯುತ್ತದೆ.