ತಳಕ್ಕಂಟಿ ಕೂರುವ ಬಣ್ಣದ ಮೀನು

ನೀವು ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಕಡೆಯವರಾದರೆ, ನೀರು ತಿಳಿಯಾಗಿರುವಾಗ ವರದೆಯ ಅಥವಾ ತುಂಗಭದ್ರೆಯ ದಡದಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಮರಳಿನ ಬಣ್ಣದ ಮೀನೊಂದು ಈಜದೆ ತಳದಲ್ಲೇ ಕುಳಿತಿರುತ್ತದೆ. ನಿಮ್ಮ ನೆರಳು ಬಿದ್ದರೆ ಮೊಳ ದೂರ ಚಿಮ್ಮಿ ಮತ್ತೆ ಕೂರುತ್ತದೆ. ಅದು ಗೋಬಿ ಇರಬಹುದು. ಈ ನದಿಗಳ ಗೋಬಿಯ ಶಾಸ್ತ್ರೀಯ ಹೆಸರು ಗ್ಲಾಸೊಗೋಬಿಯಸ್ ಜಿಯೂರಿಸ್. 1822ರಲ್ಲಿ ಗಂಗಾ ನದಿಯ ಮೀನುಗಳ ಕುರಿತ ಗ್ರಂಥದಲ್ಲಿ ಇದನ್ನು ವರ್ಣಿಸಿದವನು ಫ್ರಾನ್ಸಿಸ್ ಹ್ಯಾಮಿಲ್ಟನ್. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿ ವರದಿ ಬರೆದ ಬುಕನನ್ ಇವನೇ.

ಗೋಬಿ ತಳ ಬಿಡದಿರುವುದೇಕೆ? ಬಹುತೇಕ ಗೋಬಿಗಳಲ್ಲಿ ತೇಲಲು ನೆರವಾಗುವ ಗಾಳಿಚೀಲ ಇರುವುದಿಲ್ಲ, ಇದ್ದರೂ ತೀರ ಚಿಕ್ಕದು. ಹೊಟ್ಟೆಯ ಕೆಳಗಿನ ಎರಡು ಈಜುರೆಕ್ಕೆಗಳು ಕೂಡಿಕೊಂಡು ಬಟ್ಟಲಿನಂತಾಗಿವೆ. ಹರಿವು ಜೋರಾಗಿದ್ದರೂ ಆ ಬಟ್ಟಲಿನಿಂದ ಕಲ್ಲಿಗೆ ಅಂಟಿಕೊಳ್ಳಬಹುದು.

ಇದರ ಬಣ್ಣದ ಬಂಧುವೇ ಸ್ಟೈಫೊಡಾನ್. ಬೆರಳುದ್ದವೂ ಇಲ್ಲದ ಈ ಮೀನಿನ ಗಂಡು ನೀಲಿ, ಹಸಿರು, ಕೆಂಪಿನಲ್ಲಿ ಹೊಳೆಯುತ್ತದೆ. ಪೆಸಿಫಿಕ್ ದ್ವೀಪಗಳ, ಆಗ್ನೇಯ ಏಷ್ಯದ ಮತ್ತು ಶ್ರೀಲಂಕಾದ ತಿಳಿತೊರೆಗಳು ಇದರ ಮನೆ. ನೀಲಿ ಬಣ್ಣದ ಗುಟ್ಟು ಸ್ವಾರಸ್ಯಕರವಾದುದು. ಅಲ್ಲಿ ನೀಲಿ ಬಣ್ಣದ ವಸ್ತುವೇ ಇಲ್ಲ. ಚರ್ಮದ ಕೋಶಗಳಲ್ಲಿರುವ ಗ್ವಾನಿನ್ ಹರಳುಗಳು ನೀಲಿ ಬೆಳಕನ್ನು ಮಾತ್ರ ಹಿಂದಿರುಗಿಸುತ್ತವೆ. ಕೆಂಪು, ಕಿತ್ತಳೆಯ ಕಥೆ ಬೇರೆ. ಅವು ಕೆರೋಟಿನಾಯ್ಡ್‌ಗಳು. ಮೀನು ಅವನ್ನು ತಾನೇ ತಯಾರಿಸಲಾರದು, ಆಹಾರದಿಂದ ಪಡೆಯಬೇಕು. ಬ್ಯಾಡಗಿ ಮೆಣಸಿನಕಾಯಿಯ ಹೆಸರುವಾಸಿ ಕೆಂಪೂ ಇದೇ ಗುಂಪಿನದು. ಮೆಣಸಿನಿಂದ ತೆಗೆದ ಬಣ್ಣವನ್ನು ಅಲಂಕಾರಿಕ ಮೀನಿನ ಮೇವಿಗೆ ಬೆರೆಸುವುದೂ ಉಂಟು. ಹಾಗೆಂದು ಅಡುಗೆಮನೆಯ ಖಾರದಪುಡಿಯನ್ನು ತೊಟ್ಟಿಗೆ ಸುರಿಯಬೇಡಿ!

ಈಗ ಅಕ್ವೇರಿಯಂ ವಿಷಯ. ಟೆಲಿವಿಷನ್‌ನಲ್ಲಿ ಗಾಜಿನ ತೊಟ್ಟಿ ಬಹಳ ಸುಲಭವಾಗಿ ಕಾಣುತ್ತದೆ. ಗಾಜಿನಲ್ಲಿ ನಮ್ಮದೇ ಬಿಂಬ ಬೀಳದಿರಲೆಂದು ಕ್ಯಾಮೆರಾದ ಸುತ್ತ ಕಪ್ಪು ಬಟ್ಟೆ ಹಿಡಿಯುವ ಪಾಡು ನಮಗೇ ಗೊತ್ತು. ಸಾಕುವವರ ಪಾಡು ಇನ್ನೂ ದೊಡ್ಡದು. ಮೀನಿನ ವಿಸರ್ಜನೆಯಿಂದ ಅಮೋನಿಯ ಬರುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯ ಅದನ್ನು ನೈಟ್ರೈಟ್ ಮಾಡಿದರೆ, ಇನ್ನೊಂದು ಬಗೆಯದು ಅದನ್ನು ಕಡಿಮೆ ಅಪಾಯದ ನೈಟ್ರೇಟ್ ಮಾಡುತ್ತದೆ. ಈ ಬ್ಯಾಕ್ಟೀರಿಯಗಳು ಹೊಸ ತೊಟ್ಟಿಯಲ್ಲಿ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ತೊಟ್ಟಿ ತಂದ ದಿನವೇ ಮೀನು ಬಿಟ್ಟರೆ ಅದು ವಿಷದಲ್ಲಿ ಈಜುತ್ತದೆ. ಸ್ಟೈಫೊಡಾನ್‌ಗೆ ಹಸಿವಿನ ಭಯವೂ ಇದೆ. ಕಲ್ಲಿನ ಮೇಲಿನ ಪಾಚಿಯ ತೆಳುಪದರವನ್ನು ಕೆರೆದು ತಿನ್ನುವ ಮೀನಿಗೆ ಥಳಥಳಿಸುವ ಹೊಸ ತೊಟ್ಟಿಯೆಂದರೆ ಖಾಲಿ ತಟ್ಟೆ.

ಬಯಲುಸೀಮೆಯ ಬೇಸಿಗೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳಬಲ್ಲದು. 30 ಡಿಗ್ರಿಯಲ್ಲಿ ಸುಮಾರು ಏಳೂವರೆ ಮಾತ್ರ. ಹರಿಯುವ ನೀರಿನ ಮೀನಿಗೆ ಇದು ಉಸಿರಿನ ಪ್ರಶ್ನೆ. ಕರೆಂಟು ಹೋಗಿ ಪಂಪು ನಿಂತರೆ ಏನು ಮಾಡುತ್ತೀರಿ ಎಂಬುದನ್ನು ಮೀನು ಕೊಳ್ಳುವ ಮೊದಲೇ ಯೋಚಿಸಿರಬೇಕು.

ಇನ್ನೊಂದು ಸಂಗತಿ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಸ್ಟೈಫೊಡಾನ್ ಮೊಟ್ಟೆಯಿಡುವುದು ತೊರೆಯಲ್ಲಿ. ಮರಿಗಳು ಹರಿವಿನೊಡನೆ ಸಮುದ್ರ ಸೇರಿ, ಅಲ್ಲಿ ಕೆಲವು ತಿಂಗಳು ಬೆಳೆದು, ಮತ್ತೆ ಸಿಹಿನೀರಿಗೆ ಏರಿ ಬರುತ್ತವೆ. ತೊಟ್ಟಿಯಲ್ಲಿ ಇದನ್ನೆಲ್ಲ ಒದಗಿಸುವುದು ಬಲು ಕಷ್ಟ. ಆದ್ದರಿಂದ ಮಾರಾಟಕ್ಕೆ ಬರುವ ಮೀನುಗಳು ಬಹುಪಾಲು ತೊರೆಗಳಿಂದಲೇ ಹಿಡಿದವು. ನಮ್ಮ ವರದೆ ಗಳಗನಾಥದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಅಲ್ಲಿಂದ ಮುಂದೆ ಹೊಸಪೇಟೆಯ ಅಣೆಕಟ್ಟು, ಕೃಷ್ಣೆ, ಕೊನೆಗೆ ಬಂಗಾಳ ಕೊಲ್ಲಿ. ಇಷ್ಟು ದೂರದ ಹಾದಿಯಲ್ಲಿ ಅಂಥ ಪುಟ್ಟ ಮೀನು ಹೋಗಿಬರುವುದು ಆಗದ ಮಾತು. ಜಿಯೂರಿಸ್‌ಗೆ ಸಮುದ್ರದ ಹಂಗಿಲ್ಲ, ಸಿಹಿನೀರಿನಲ್ಲೇ ಬಾಳುವೆ ಸಾಗಿಸುತ್ತದೆ. ಆದರೆ ಅದು ಅಡಿಗಿಂತಲೂ ಉದ್ದ ಬೆಳೆಯಬಲ್ಲ ಬೇಟೆಗಾರ. ಗಪ್ಪಿಗಳ ಜೊತೆ ಬಿಟ್ಟರೆ ಕೆಲವೇ ದಿನಗಳಲ್ಲಿ ಅದೊಂದೇ ಉಳಿಯುತ್ತದೆ.

ಮೊದಲ ಸಲ ಸಾಕುವವರಿಗೆ ತೊಟ್ಟಿಯಲ್ಲೇ ಮರಿಮಾಡಿದ ಗಪ್ಪಿ, ಪ್ಲಾಟಿಗಳೇ ವಾಸಿ ಎಂಬುದು ನನ್ನ ಅಭಿಪ್ರಾಯ. ಬೇಡವಾದ ಮೀನನ್ನು ಮಾತ್ರ ಊರ ಕೆರೆಗೋ ಹೊಳೆಗೋ ಬಿಡಬೇಡಿ. ತೊಟ್ಟಿ ಶುಚಿಮಾಡಲೆಂದು ತಂದ ಸಕ್ಕರ್ ಮೀನು ಹೀಗೆಯೇ ಹೊರಬಿದ್ದು ಭಾರತದ ಹಲವು ಜಲಾಶಯಗಳಲ್ಲಿ ಬೇರೂರಿದೆ, ಮೀನುಗಾರರ ಬಲೆಗಳನ್ನು ಹರಿಯುತ್ತಿದೆ. ಬೇಡವೆನಿಸಿದ ಮೀನನ್ನು ಕೊಂಡ ಅಂಗಡಿಗೇ ಒಯ್ದು ಕೊಡಿ, ಇಲ್ಲವೇ ಸಾಕುವ ಗೆಳೆಯರಿಗೆ ಒಪ್ಪಿಸಿ.